ದತ್ತಸಂಚಯದ ಸಾಮಾನ್ಯ ತೊಡಕುಗಳು: ಹುಡುಕಾಟ, ವೇಗ ಮತ್ತು ಸ್ಥಾಪನೆಗೆ ಸಂಬಂಧಿಸಿದ ಮಾಹಿತಿ

1. ಪೀಠಿಕೆ

ಸರ್ಕಾರಿ ಕಚೇರಿಗಳು, ಸ್ಥಳೀಯ ಸಂಸ್ಥೆಗಳು, ಸಹಕಾರ ಸಂಘಗಳು ಹಾಗೂ ಶಿಕ್ಷಣ ಸಂಸ್ಥೆಗಳಲ್ಲಿ ಹಿಂದೆ ವಹಿಗಳಲ್ಲಿ ಬರೆದಿಡಲಾಗುತ್ತಿದ್ದ ವಿವರಗಳು ಈಗ ಬಹುಮಟ್ಟಿಗೆ ಗಣಕಯಂತ್ರದ ದತ್ತಸಂಚಯದಲ್ಲಿ ದಾಖಲಾಗಿವೆ. ದತ್ತಸಂಚಯವನ್ನು ಬಳಕೆಯ ಮಾತಿನಲ್ಲಿ ಡೇಟಾಬೇಸ್ ಎನ್ನಲಾಗುತ್ತದೆ. ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಲ್ಲಿ ಮಾಹಿತಿಯನ್ನು ಇರಿಸುವ ವಿಧಾನವು ಐಬಿಎಂ ಸಂಸ್ಥೆಯ ಎಡ್ಗರ್ ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ರೂಪುಗೊಂಡಿತು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು 1974ರಲ್ಲಿ ಪರಿಚಯಿಸಿದ ಪ್ರಶ್ನಾಭಾಷೆಯೇ ಇಂದಿನ ಎಸ್‌ಕ್ಯೂಎಲ್ ಭಾಷೆಗೆ ಮೂಲ. ಈ ಭಾಷೆಯಲ್ಲಿ ದತ್ತಸಂಚಯಕ್ಕೆ ಕೇಳುವ ಪ್ರಶ್ನೆಯನ್ನು ಕ್ವೆರಿ ಎನ್ನುತ್ತಾರೆ.

ವಹಿಯಲ್ಲಿ ಹುಡುಕುವವರು ಹಾಳೆಗಳನ್ನು ತಿರುವಿ ನೋಡುತ್ತಾರೆ. ಹೆಸರಿನ ಕಾಗುಣಿತ ತುಸು ಬೇರೆಯಾಗಿದ್ದರೂ ಕಣ್ಣು ಅದನ್ನು ಗುರುತಿಸುತ್ತದೆ. ಗಣಕಯಂತ್ರವು ಕೇಳಿದ ಮಾತಿಗೆ ಅಕ್ಷರಶಃ ಉತ್ತರ ಕೊಡುತ್ತದೆ. ಪರದೆಯ ಮೇಲೆ ಸೊನ್ನೆ ಸಾಲುಗಳು ಬಂದರೆ ಆ ಪ್ರಶ್ನೆಗೆ ಹೊಂದುವ ದಾಖಲೆ ದೊರೆಯಲಿಲ್ಲ ಎಂದಷ್ಟೇ ಅರ್ಥ. ಇದನ್ನು ಗಮನಿಸದೆ 'ದಾಖಲೆ ಲಭ್ಯವಿಲ್ಲ' ಎಂದು ಹಿಂಬರಹ ನೀಡಿದಲ್ಲಿ ಒಬ್ಬರ ಪಿಂಚಣಿ, ಮತ್ತೊಬ್ಬರ ಖಾತೆ ಬದಲಾವಣೆ ಸಕಾರಣವಿಲ್ಲದೆ ನಿಂತುಹೋಗುತ್ತದೆ. ದತ್ತಸಂಚಯ ಬಳಸುವ ಸಿಬ್ಬಂದಿ, ಅದನ್ನು ನಿರ್ವಹಿಸುವ ತಾಂತ್ರಿಕ ಸಹಾಯಕರು ಮತ್ತು ಆಸಕ್ತ ಸಾರ್ವಜನಿಕರ ಉಪಯೋಗಕ್ಕಾಗಿ ಸಾಮಾನ್ಯ ತೊಡಕುಗಳು, ಅವುಗಳ ಕಾರಣ ಹಾಗೂ ಪರಿಹಾರಗಳನ್ನು ಈ ಕೆಳಗೆ ನೀಡಲಾಗಿದೆ. ಉದಾಹರಣೆಗಳು ಮುಖ್ಯವಾಗಿ ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್ ತಂತ್ರಾಂಶಗಳಿಗೆ ಸಂಬಂಧಿಸಿರುತ್ತವೆ.

2. ಯಾವುದೇ ತೊಡಕು ಕಂಡಾಗ ಮೊದಲು ಮಾಡಬೇಕಾದದ್ದು

(ಅ) ಪರದೆಯ ಮೇಲೆ ಬಂದ ದೋಷ ಸಂದೇಶವನ್ನು ಅದರ ಸಂಖ್ಯೆ ಸಹಿತ ಯಥಾವತ್ತಾಗಿ ಬರೆದಿಟ್ಟುಕೊಳ್ಳತಕ್ಕದ್ದು. 'ಸರ್ವರ್ ಕೆಲಸ ಮಾಡುತ್ತಿಲ್ಲ' ಎಂಬ ವರದಿಯಿಂದ ಕಾರಣ ತಿಳಿಯುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ 1045 ಎಂದರೆ ಬಳಕೆದಾರರ ಹೆಸರು ಅಥವಾ ಗುಪ್ತಪದ ಒಪ್ಪಿತವಾಗಿಲ್ಲ. 2003 ಎಂದರೆ ಸರ್ವರನ್ನು ತಲುಪಲಾಗಿಲ್ಲ. 1040 ಎಂದರೆ ಸಂಪರ್ಕಗಳ ಮಿತಿ ಮುಗಿದಿದೆ. ಈ ಮೂರಕ್ಕೂ ಪರಿಹಾರ ಬೇರೆ ಬೇರೆ.

(ಆ) ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಕೆಟ್ಟಿದ್ದರೆ ನಡುವೆ ಏನು ಬದಲಾಯಿತು ಎಂಬುದನ್ನು ವಿಚಾರಿಸತಕ್ಕದ್ದು: ಹೊಸ ಆವೃತ್ತಿಯ ಸ್ಥಾಪನೆ, ಹೆಚ್ಚಿನ ಪ್ರಮಾಣದ ದತ್ತಾಂಶ ಸೇರ್ಪಡೆ, ಗುಪ್ತಪದ ಬದಲಾವಣೆ, ಡಿಸ್ಕ್ ಭರ್ತಿಯಾಗಿರುವುದು ಇತ್ಯಾದಿ.

(ಇ) ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲಿತಾಂಶವನ್ನು ನೋಡತಕ್ಕದ್ದು. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯದೆ ಅದೇ ತೊಡಕು ಮರುಕಳಿಸುತ್ತದೆ.

(ಈ) ದಾಖಲೆಗಳನ್ನು ತಿದ್ದುವ ಅಥವಾ ಅಳಿಸುವ ಆದೇಶವನ್ನು ವಹಿವಾಟು, ಅಂದರೆ ಟ್ರಾನ್ಸಾಕ್ಷನ್ ಒಳಗೆ ಮಾತ್ರ ನೀಡತಕ್ಕದ್ದು. ಎಷ್ಟು ಸಾಲುಗಳು ಬದಲಾದವು ಎಂಬುದನ್ನು ನೋಡಿ ನಿರೀಕ್ಷಿತ ಸಂಖ್ಯೆಯಿದ್ದರೆ ಕಮಿಟ್, ಇಲ್ಲದಿದ್ದರೆ ರೋಲ್‌ಬ್ಯಾಕ್ ಮಾಡತಕ್ಕದ್ದು. 'ವೇರ್' ಷರತ್ತಿಲ್ಲದ ಅಪ್‌ಡೇಟ್ ಆದೇಶವು ಇಡೀ ಕೋಷ್ಟಕವನ್ನು ಬದಲಾಯಿಸುತ್ತದೆ.

3. ಇರುವ ದಾಖಲೆ ಹುಡುಕಿದಾಗ ಸಿಗದಿರುವುದು

3.1 ಕನ್ನಡ ಅಕ್ಷರಗಳ ಸಂಕೇತ ವ್ಯತ್ಯಾಸ

ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪದಗಳು ಗಣಕಯಂತ್ರಕ್ಕೆ ಬೇರೆಯಾಗಿರಬಹುದು. ಯೂನಿಕೋಡ್ ಪದ್ಧತಿಯಲ್ಲಿ 'ಕೋಲಾರ' ಎಂಬ ಪದದ ಮೊದಲ ಅಕ್ಷರದಲ್ಲಿರುವ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ, ಊಕಾರ ಮತ್ತು ದೀರ್ಘ ಚಿಹ್ನೆ ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಸಿಂಧುವಾದ ರೂಪಗಳೇ. ಒಂದು ಕಚೇರಿಯ ಕೀಲಿಮಣೆ ತಂತ್ರಾಂಶ ಒಂದು ರೂಪವನ್ನೂ ಮತ್ತೊಂದು ಕಚೇರಿಯ ಪರಿವರ್ತಕ ತಂತ್ರಾಂಶ ಇನ್ನೊಂದು ರೂಪವನ್ನೂ ದಾಖಲಿಸಿದ್ದರೆ ಸಂಕೇತಗಳನ್ನು ನೇರವಾಗಿ ಹೋಲಿಸುವ ಹುಡುಕಾಟದಲ್ಲಿ ಅರ್ಧದಷ್ಟು ದಾಖಲೆಗಳು ಮರೆಯಾಗಬಹುದು. ದತ್ತಾಂಶವನ್ನು ಸೇರಿಸುವಾಗಲೇ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ (2020) ಇದಕ್ಕಾಗಿ 'ನಾರ್ಮಲೈಸ್' ಎಂಬ ಸೌಲಭ್ಯವಿದೆ.

ಈ ಕೆಳಕಂಡ ವ್ಯತ್ಯಾಸಗಳನ್ನೂ ಪರಿಶೀಲಿಸತಕ್ಕದ್ದು:

- 'ರಾಜ್‌ಕುಮಾರ್', 'ರಾಜ್ ಕುಮಾರ್', 'ರಾಜಕುಮಾರ' ಎಂಬ ರೂಪಗಳು. ಮೊದಲನೆಯದರಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ.
- ಹೆಸರಿನ ಹಿಂದೆ ಮುಂದೆ ಉಳಿದಿರುವ ಖಾಲಿ ಜಾಗ.
- ಕನ್ನಡ ಅಂಕಿ '೧೨' ಮತ್ತು '12'. ಹಾಗೆಯೇ ಸೊನ್ನೆಯ ಬದಲಿಗೆ ಅನುಸ್ವಾರವನ್ನು ಟೈಪು ಮಾಡಿರುವುದು.
- ಹಳೆಯ ನುಡಿ, ಬರಹ ಮುಂತಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ದಾಖಲಿಸಿದ ಪಠ್ಯ. ಇಲ್ಲಿ ದತ್ತಸಂಚಯದಲ್ಲಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಅಕ್ಷರಶೈಲಿಯ ಕಾರಣದಿಂದ ಅವು ಕನ್ನಡವಾಗಿ ತೋರುತ್ತವೆ. ಯೂನಿಕೋಡ್‌ನಲ್ಲಿ ಟೈಪು ಮಾಡಿ ಹುಡುಕಿದರೆ ಇವು ಸಿಗುವುದಿಲ್ಲ.

3.2 ಅಕ್ಷರಗಳ ಬದಲಿಗೆ ಪ್ರಶ್ನಾರ್ಥಕ ಚಿಹ್ನೆ

ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0 ಆವೃತ್ತಿಗೆ ಮುಂಚೆ ಪೂರ್ವನಿಗದಿತ ಅಕ್ಷರ ಪದ್ಧತಿ ಲ್ಯಾಟಿನ್1 ಆಗಿತ್ತು. ಅಂತಹ ಅಂಕಣಕ್ಕೆ ಯೂನಿಕೋಡ್ ಕನ್ನಡವನ್ನು ಬರೆದಾಗ, ಕಟ್ಟುನಿಟ್ಟಿನ ಪರಿಶೀಲನೆ ಜಾರಿಯಲ್ಲಿಲ್ಲದಿದ್ದರೆ ಪ್ರತಿ ಅಕ್ಷರದ ಸ್ಥಾನದಲ್ಲೂ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಹೀಗೆ ಹೋದ ಅಕ್ಷರಗಳನ್ನು ದತ್ತಸಂಚಯದಿಂದ ಮರಳಿ ಪಡೆಯಲಾಗದು; ಮೂಲ ಅರ್ಜಿ ಅಥವಾ ವಹಿಯನ್ನು ನೋಡಿ ಮತ್ತೆ ದಾಖಲಿಸಬೇಕಾಗುತ್ತದೆ. ಆದ್ದರಿಂದ ಗಣಕೀಕರಣವಾಯಿತೆಂದು ಮೂಲ ವಹಿಗಳನ್ನು ಆತುರದಿಂದ ವಿಲೇವಾರಿ ಮಾಡಕೂಡದು. ಕಟ್ಟುನಿಟ್ಟಿನ ಪರಿಶೀಲನೆ ಇದ್ದಲ್ಲಿ 1366ನೇ ದೋಷ ಸಂದೇಶ ಬಂದು ಬರವಣಿಗೆ ತಡೆಯಲ್ಪಡುತ್ತದೆ. ಆ ತಡೆಯನ್ನು ತೆಗೆಯುವುದು ತಪ್ಪು. ಅಂಕಣ ಮತ್ತು ಸಂಪರ್ಕ ಎರಡನ್ನೂ ಯುಟಿಎಫ್8ಎಂಬಿ4 ಪದ್ಧತಿಗೆ ಬದಲಾಯಿಸುವುದು ಸರಿಯಾದ ಕ್ರಮ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎನ್‌ವಾರ್‌ಚಾರ್ ಅಂಕಣವಿದ್ದರೂ ಪಠ್ಯದ ಮುಂದೆ 'ಎನ್' ಗುರುತು ಇಲ್ಲದಿದ್ದರೆ ಇದೇ ತೊಂದರೆ ಬರಬಹುದು.

3.3 ಹೆಸರು ಅಂಕಣದಲ್ಲಿ ಹಿಡಿಸದಿರುವುದು

ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್‌ಗಳು ಬೇಕು. 'ಮಲ್ಲಿಕಾರ್ಜುನ' ಎಂಬ ಹೆಸರು ಓದುವಾಗ 5 ಅಕ್ಷರಗಳಾದರೂ ಅದರಲ್ಲಿ 12 ಸಂಕೇತಗಳಿದ್ದು 36 ಬೈಟ್‌ಗಳು ಬೇಕಾಗುತ್ತವೆ. ಒರೇಕಲ್‌ನಲ್ಲಿ ಅಂಕಣದ ಉದ್ದವನ್ನು ವಿಶೇಷವಾಗಿ ಸೂಚಿಸದಿದ್ದರೆ ಬೈಟ್‌ಗಳಲ್ಲಿ ಎಣಿಸಲಾಗುತ್ತದೆ. ಆದ್ದರಿಂದ 30 ಎಂದು ನಿಗದಿಪಡಿಸಿದ ಅಂಕಣದಲ್ಲಿ ಈ ಒಂದು ಹೆಸರೂ ಹಿಡಿಸದೆ 12899ನೇ ದೋಷ ಬರುತ್ತದೆ. ಆಗ ಸಿಬ್ಬಂದಿ ಹೆಸರನ್ನು ಮೊಟಕುಗೊಳಿಸಿ ದಾಖಲಿಸಿದರೆ ಮುಂದೆ ಗುರುತಿನ ಚೀಟಿಯೊಂದಿಗೆ ಅದು ತಾಳೆಯಾಗುವುದಿಲ್ಲ. ಅಂಕಣದ ಉದ್ದವನ್ನು ಹೆಚ್ಚಿಸುವುದು ಅಥವಾ ಸಂಕೇತಗಳ ಲೆಕ್ಕದಲ್ಲಿ ನಿಗದಿಪಡಿಸುವುದು ಪರಿಹಾರ. ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್‌ಗಳಲ್ಲಿ ವಾರ್‌ಚಾರ್ ಅಂಕಣದ ಉದ್ದವನ್ನು ಸಂಕೇತಗಳಲ್ಲೇ ಎಣಿಸಲಾಗುತ್ತದೆ.

3.4 ಖಾಲಿ ಬಿಟ್ಟ ಅಂಕಣಗಳು

ಮಾಹಿತಿ ತುಂಬದ ಅಂಕಣದಲ್ಲಿ 'ನಲ್' ಇರುತ್ತದೆ. ಅದು ಸೊನ್ನೆಯೂ ಅಲ್ಲ, ಖಾಲಿ ಪಠ್ಯವೂ ಅಲ್ಲ. 'ತಿಳಿದಿಲ್ಲ' ಎಂಬ ಸ್ಥಿತಿ. ಯಾವುದನ್ನೂ ಅದರೊಂದಿಗೆ 'ಸಮ' ಎಂದಾಗಲಿ 'ಸಮವಲ್ಲ' ಎಂದಾಗಲಿ ಹೋಲಿಸಿದರೆ ಉತ್ತರವೂ 'ತಿಳಿದಿಲ್ಲ' ಎಂದೇ ಆಗುತ್ತದೆ. ಉದಾಹರಣೆಗೆ, 'ಸ್ಥಿತಿ ತಿರಸ್ಕೃತವಲ್ಲದ' ಅರ್ಜಿಗಳನ್ನು ಕೇಳಿದರೆ ಸ್ಥಿತಿ ಅಂಕಣವನ್ನೇ ತುಂಬದ ಅರ್ಜಿಗಳು ಪಟ್ಟಿಯಲ್ಲಿ ಬರುವುದಿಲ್ಲ. ವಿಲೇವಾರಿಯಾಗದೆ ಉಳಿದ ಅರ್ಜಿಗಳು ಪರಿಶೀಲನಾ ಪಟ್ಟಿಯಿಂದಲೇ ತಪ್ಪಿಹೋಗುವುದು ಹೀಗೆ. 'ನಾಟ್ ಇನ್' ಷರತ್ತಿನ ಒಳಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಇಡೀ ಪ್ರಶ್ನೆಗೆ ಒಂದು ಸಾಲೂ ದೊರೆಯುವುದಿಲ್ಲ. 'ಇಸ್ ನಲ್' ಮತ್ತು 'ನಾಟ್ ಎಕ್ಸಿಸ್ಟ್ಸ್' ಷರತ್ತುಗಳನ್ನು ಬಳಸತಕ್ಕದ್ದು.

3.5 ಕೋಷ್ಟಕಗಳ ಜೋಡಣೆ

ಅರ್ಜಿದಾರರ ಕೋಷ್ಟಕವನ್ನು ಬ್ಯಾಂಕ್ ಖಾತೆಯ ಕೋಷ್ಟಕದೊಂದಿಗೆ 'ಇನ್ನರ್ ಜಾಯಿನ್' ಮೂಲಕ ಜೋಡಿಸಿದರೆ ಖಾತೆಯ ವಿವರ ನೀಡದ ಅರ್ಜಿದಾರರು ಉತ್ತರದಲ್ಲಿ ಇರುವುದಿಲ್ಲ. ಅವರೂ ಬೇಕಾದಲ್ಲಿ 'ಲೆಫ್ಟ್ ಜಾಯಿನ್' ಬಳಸತಕ್ಕದ್ದು. ಬಳಿಕ 'ವೇರ್' ಭಾಗದಲ್ಲಿ ಬ್ಯಾಂಕ್ ಕೋಷ್ಟಕದ ಅಂಕಣದ ಮೇಲೆ 'ಸಮ' ಎಂಬ ಷರತ್ತು ಹಾಕಿದರೆ ಅದೇ ಜನ ಮತ್ತೆ ಬಿಟ್ಟುಹೋಗುತ್ತಾರೆ. ಆ ಷರತ್ತನ್ನು ಜೋಡಣೆಯ 'ಆನ್' ಭಾಗದಲ್ಲಿಯೇ ಬರೆಯತಕ್ಕದ್ದು.

3.6 ವರ್ಷಾಂತ್ಯದ ದಿನಾಂಕ

ದಿನಾಂಕದೊಂದಿಗೆ ಸಮಯವನ್ನೂ ದಾಖಲಿಸುವ ಅಂಕಣದಲ್ಲಿ '2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ' ಎಂದು 'ಬಿಟ್ವೀನ್' ಬಳಸಿ ಕೇಳಿದರೆ ಮಾರ್ಚ್ 31ನ್ನು ಆ ದಿನದ ಪ್ರಾರಂಭದ ಕ್ಷಣವೆಂದು ಪರಿಗಣಿಸಲಾಗುತ್ತದೆ. ಆ ದಿನ ಹಗಲಿನಲ್ಲಿ ಪಡೆದ ರಸೀದಿಗಳೆಲ್ಲವೂ ಲೆಕ್ಕದಿಂದ ಹೊರಗುಳಿದು ಮುಕ್ತಾಯ ಶಿಲ್ಕು ಕಡಿಮೆ ತೋರುತ್ತದೆ. 'ಏಪ್ರಿಲ್ 1, 2024 ಅಥವಾ ನಂತರ, ಹಾಗೂ ಏಪ್ರಿಲ್ 1, 2025ಕ್ಕಿಂತ ಮೊದಲು' ಎಂದು ಬರೆಯುವುದು ಸರಿ.

3.7 ಇಂಡೆಕ್ಸ್ ಕೆಟ್ಟಿರುವುದು

ಇಂಡೆಕ್ಸ್ ಎಂಬುದು ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ ಅಕಾರಾದಿಯಾಗಿ ಜೋಡಿಸಿದ ಪಟ್ಟಿ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಈ ಅನುಕ್ರಮದ ನಿಯಮಗಳನ್ನು ಕಾರ್ಯಾಚರಣ ವ್ಯವಸ್ಥೆಯಿಂದ ಪಡೆಯುತ್ತದೆ. 2018ರಲ್ಲಿ ಬಿಡುಗಡೆಯಾದ ಲಿನಕ್ಸ್‌ನ ಜಿಲಿಬ್‌ಸಿ 2.28ರಲ್ಲಿ ಈ ನಿಯಮಗಳು ಬದಲಾದವು. ಹಳೆಯ ಯಂತ್ರದಿಂದ ದತ್ತಾಂಶದ ಕಡತಗಳನ್ನು ಹೊಸ ಲಿನಕ್ಸ್‌ಗೆ ಹಾಗೆಯೇ ತಂದಾಗ ಹಳೆಯ ಕ್ರಮದ ಇಂಡೆಕ್ಸ್‌ನಲ್ಲಿ ಹೊಸ ಕ್ರಮದಂತೆ ಹುಡುಕಲಾಗುತ್ತದೆ. ಕೋಷ್ಟಕದಲ್ಲಿ ಇರುವ ಹೆಸರು ಸಿಗುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ. ಇಂಡೆಕ್ಸ್ ಬಳಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅದೇ ಪ್ರಶ್ನೆಯನ್ನು ಕೇಳಿದಾಗ ದಾಖಲೆ ದೊರೆತರೆ ಇಂಡೆಕ್ಸ್‌ನಲ್ಲಿಯೇ ದೋಷವಿದೆ ಎಂದು ತಿಳಿಯತಕ್ಕದ್ದು. 'ರೀಇಂಡೆಕ್ಸ್' ಆದೇಶದಿಂದ ಇದು ಸರಿಯಾಗುತ್ತದೆ.

4. ಮೊತ್ತ ತಾಳೆಯಾಗದಿರುವುದು

ಒಬ್ಬ ಫಲಾನುಭವಿಗೆ 3 ಕಂತುಗಳ ಪಾವತಿಯಾಗಿದ್ದು, ಅವರು 2 ದಾಖಲೆಗಳನ್ನು ಸಲ್ಲಿಸಿದ್ದಾರೆ ಎಂದುಕೊಳ್ಳಬಹುದು. ಮೂರೂ ಕೋಷ್ಟಕಗಳನ್ನು ಒಟ್ಟಿಗೆ ಜೋಡಿಸಿದರೆ 6 ಸಾಲುಗಳು ಬರುತ್ತವೆ. ಪ್ರತಿ ಕಂತೂ ಎರಡು ಸಲ ಸೇರಿ ಮೊತ್ತ ಇಮ್ಮಡಿಯಾಗುತ್ತದೆ. ಕಂತುಗಳನ್ನು ಮೊದಲು ಪ್ರತ್ಯೇಕವಾಗಿ ಕೂಡಿ, ಆ ಮೊತ್ತವನ್ನು ಆಮೇಲೆ ಜೋಡಿಸುವುದು ಸರಿಯಾದ ಕ್ರಮ. ಇಂತಹ ಕಡೆ 'ಡಿಸ್ಟಿಂಕ್ಟ್' ಸೇರಿಸಿ ಮೊತ್ತವನ್ನು ಸರಿಪಡಿಸಲು ಯತ್ನಿಸಿದರೆ ಸಮಾನ ಮೊತ್ತದ ಎರಡು ನಿಜವಾದ ಕಂತುಗಳಲ್ಲಿ ಒಂದು ಬಿಟ್ಟುಹೋಗಬಹುದು.

ಹಣದ ಅಂಕಣವನ್ನು 'ಫ್ಲೋಟ್' ಅಥವಾ 'ಡಬಲ್' ಮಾದರಿಯಲ್ಲಿ ಇಡಕೂಡದು. ಈ ಮಾದರಿಗಳು ದಶಮಾಂಶವನ್ನು ದ್ವಿಮಾನ ಪದ್ಧತಿಯಲ್ಲಿ ಅಂದಾಜಾಗಿ ಇರಿಸುತ್ತವೆ. 'ಡಬಲ್' ಮಾದರಿಯಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ಸಾವಿರಾರು ಸಾಲುಗಳನ್ನು ಕೂಡಿದಾಗ ಪೈಸೆಗಳ ವ್ಯತ್ಯಾಸ ಕಂಡುಬಂದು ಲೆಕ್ಕ ತಾಳೆಯಾಗುವುದಿಲ್ಲ. ಎರಡು ದಶಮಾಂಶ ಸ್ಥಾನಗಳ 'ಡೆಸಿಮಲ್' ಮಾದರಿಯನ್ನು ಬಳಸತಕ್ಕದ್ದು.

5. ಉತ್ತರ ತಡವಾಗಿ ಬರುವುದು

ನಿಧಾನಕ್ಕೆ ಹೊಸ ಯಂತ್ರ ಖರೀದಿಯೇ ಪರಿಹಾರ ಎಂದು ಪ್ರಸ್ತಾವನೆ ಸಲ್ಲಿಸುವ ಮುನ್ನ ಯಾವ ಪ್ರಶ್ನೆ ನಿಧಾನವಾಗಿದೆ ಎಂಬುದನ್ನು ಗುರುತಿಸತಕ್ಕದ್ದು. ಮೈಎಸ್‌ಕ್ಯೂಎಲ್‌ನಲ್ಲಿ 'ಸ್ಲೋ ಕ್ವೆರಿ ಲಾಗ್' ಇದಕ್ಕೆಂದೇ ಇದೆ. ಆದರೆ ಅದರ ಪೂರ್ವನಿಗದಿತ ಮಿತಿ 10 ಸೆಕೆಂಡು ಇರುವುದರಿಂದ ಅದನ್ನು 1 ಸೆಕೆಂಡಿಗೆ ಇಳಿಸುವುದು ಸೂಕ್ತ. ಪೋಸ್ಟ್‌ಗ್ರೆಸ್‌ನಲ್ಲಿ ನಿಗದಿತ ಅವಧಿ ಮೀರಿದ ಪ್ರಶ್ನೆಗಳನ್ನು ದಾಖಲಿಸುವ ಸೌಲಭ್ಯವನ್ನು ಚಾಲನೆಗೊಳಿಸಬೇಕಾಗುತ್ತದೆ.

ಪ್ರಶ್ನೆಯ ಮುಂದೆ 'ಎಕ್ಸ್‌ಪ್ಲೇನ್' ಎಂದು ಸೇರಿಸಿದರೆ ಅದನ್ನು ನೆರವೇರಿಸುವ ಯೋಜನೆ ತಿಳಿಯುತ್ತದೆ. ದೊಡ್ಡ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಕೆಲವೇ ಸಾಲುಗಳನ್ನು ಆರಿಸುತ್ತಿದ್ದರೆ ಇಂಡೆಕ್ಸ್ ಬೇಕಾಗಿದೆ ಎಂದರ್ಥ. ಸಣ್ಣ ಕೋಷ್ಟಕವನ್ನು ಪೂರ್ತಿ ಓದುವುದು ದೋಷವಲ್ಲ. 'ಎಕ್ಸ್‌ಪ್ಲೇನ್ ಅನಲೈಸ್' ಪ್ರಶ್ನೆಯನ್ನು ನಿಜವಾಗಿ ನೆರವೇರಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸುವ ಆದೇಶದ ಮುಂದೆ ಅದನ್ನು ಬಳಸಿದರೆ ದಾಖಲೆಗಳು ಅಳಿಸಿಹೋಗುತ್ತವೆ ಎಂಬುದನ್ನು ಗಮನಿಸತಕ್ಕದ್ದು.

ಇಂಡೆಕ್ಸ್ ಇದ್ದರೂ ಬಳಕೆಯಾಗದಿರುವುದಕ್ಕೆ ಸಾಮಾನ್ಯ ಕಾರಣಗಳು:

(ಅ) ಅಂಕಣದ ಮೇಲೆ ಕ್ರಿಯೆ ನಡೆಸಿರುವುದು. 'ವರ್ಷ 2024 ಆಗಿರುವ ದಿನಾಂಕ' ಎಂದು ಕೇಳುವ ಬದಲು ದಿನಾಂಕದ ಮೇಲ್ಮಿತಿ ಮತ್ತು ಕೆಳಮಿತಿಗಳನ್ನು ನೀಡತಕ್ಕದ್ದು.

(ಆ) ಪದದ ಮೊದಲೇ ಶೇಕಡಾ ಚಿಹ್ನೆ ಹಾಕಿ ಹುಡುಕುವುದು. ಪದದ ಆರಂಭ ತಿಳಿಯದಿದ್ದರೆ ಅಕಾರಾದಿ ಪಟ್ಟಿಯಿಂದ ಪ್ರಯೋಜನವಿಲ್ಲ.

(ಇ) ಪಠ್ಯ ಮಾದರಿಯ ಅಂಕಣವನ್ನು ಅಂಕಿಯೊಂದಿಗೆ ಹೋಲಿಸುವುದು. ಮೈಎಸ್‌ಕ್ಯೂಎಲ್‌ನಲ್ಲಿ ಹೀಗೆ ಮಾಡಿದರೆ ಇಂಡೆಕ್ಸ್ ಬಳಕೆಯಾಗುವುದಿಲ್ಲ. '00125' ಮತ್ತು '125' ಎರಡೂ ಒಂದೇ ಆಗಿ ಬೇರೆಯವರ ದಾಖಲೆಯೂ ಬರಬಹುದು.

(ಈ) ಜಂಟಿ ಇಂಡೆಕ್ಸ್‌ನ ಕ್ರಮ. ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂಬ ಕ್ರಮದ ಇಂಡೆಕ್ಸ್‌ನಿಂದ ಕೇವಲ ಸರ್ವೆ ನಂಬರ್ ನೀಡಿ ಹುಡುಕುವವರಿಗೆ ಹೆಚ್ಚಿನ ಸಹಾಯವಾಗದು.

(ಉ) ಅಂಕಿಅಂಶಗಳು ಹಳೆಯದಾಗಿರುವುದು. ಲಕ್ಷಗಟ್ಟಲೆ ದಾಖಲೆಗಳನ್ನು ಒಮ್ಮೆಗೇ ಸೇರಿಸಿದ ಬಳಿಕ 'ಅನಲೈಸ್' ಆದೇಶ ನೀಡತಕ್ಕದ್ದು.

ಪ್ರತಿ ಅಂಕಣಕ್ಕೂ ಇಂಡೆಕ್ಸ್ ರಚಿಸುವುದು ಸರಿಯಲ್ಲ. ಪ್ರತಿ ಸೇರ್ಪಡೆಯಲ್ಲೂ ಅವೆಲ್ಲವನ್ನೂ ಪರಿಷ್ಕರಿಸಬೇಕಾಗಿ ದಾಖಲಿಸುವ ಕೆಲಸ ನಿಧಾನವಾಗುತ್ತದೆ.

ಪ್ರಶ್ನೆ ಸರಳವಾಗಿದ್ದರೂ ಉತ್ತರವೇ ಬಾರದೆ ನಿಂತಿದ್ದರೆ ಬೇರೊಬ್ಬರು ಅದೇ ದಾಖಲೆಗೆ ಬೀಗ ಹಾಕಿರುವ ಸಾಧ್ಯತೆಯುಂಟು. ತಿದ್ದುಪಡಿ ಆರಂಭಿಸಿ ಕಮಿಟ್ ಮಾಡದೆ ಊಟಕ್ಕೆ ಎದ್ದುಹೋದ ಒಬ್ಬರಿಂದ ಅದೇ ದಾಖಲೆಯನ್ನು ತಿದ್ದಬೇಕಾದ ಇತರರ ಕೆಲಸ ನಿಲ್ಲಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ವನಿಗದಿಯಂತೆ 50 ಸೆಕೆಂಡು ಕಾದ ನಂತರ 1205ನೇ ದೋಷ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅವಧಿ ಮಿತಿ ನಿಗದಿಪಡಿಸದಿದ್ದರೆ ಕಾಯುವಿಕೆ ಮುಂದುವರಿಯುತ್ತದೆ. ಚಾಲ್ತಿ ಸಂಪರ್ಕಗಳ ಪಟ್ಟಿಯನ್ನು ನೋಡಿ ತಡೆಯೊಡ್ಡಿರುವ ಸಂಪರ್ಕವನ್ನು ಗುರುತಿಸಿ, ಸಂಬಂಧಿಸಿದವರಿಗೆ ತಿಳಿಸಿದ ಬಳಿಕ ಅದನ್ನು ಕೊನೆಗೊಳಿಸತಕ್ಕದ್ದು.

6. ಸ್ಥಾಪನೆ ಮತ್ತು ಸಂಪರ್ಕದ ತೊಡಕುಗಳು

6.1 ಸೇವೆ ಪ್ರಾರಂಭವಾಗದಿರುವುದು. ಮೈಎಸ್‌ಕ್ಯೂಎಲ್ 3306ನೇ ಪೋರ್ಟ್ ಮತ್ತು ಪೋಸ್ಟ್‌ಗ್ರೆಸ್ 5432ನೇ ಪೋರ್ಟ್ ಬಳಸುತ್ತವೆ. ಹಳೆಯ ಆವೃತ್ತಿಯೊಂದು ಅದೇ ಪೋರ್ಟನ್ನು ಹಿಡಿದಿದ್ದರೆ ಹೊಸದು ಪ್ರಾರಂಭವಾಗುವುದಿಲ್ಲ. ಅನುಮತಿಯ ತೊಂದರೆಯಿರಬಹುದೆಂದು ಕಡತಕೋಶವನ್ನು ಎಲ್ಲರಿಗೂ ತೆರೆದಿಡುವುದು ರೂಢಿಯಲ್ಲಿರುವ ತಪ್ಪು. ದತ್ತಾಂಶದ ಕಡತಕೋಶ ಎಲ್ಲರಿಗೂ ತೆರೆದಿದ್ದರೆ ಪೋಸ್ಟ್‌ಗ್ರೆಸ್ ಪ್ರಾರಂಭವಾಗಲು ನಿರಾಕರಿಸುತ್ತದೆ. ಎಲ್ಲರೂ ಬರೆಯಬಹುದಾದ ಸಂರಚನಾ ಕಡತವನ್ನು ಮೈಎಸ್‌ಕ್ಯೂಎಲ್ ಲಿನಕ್ಸ್‌ನಲ್ಲಿ ಓದುವುದೇ ಇಲ್ಲ.

6.2 ಬೇರೆ ಯಂತ್ರದಿಂದ ಸಂಪರ್ಕ ಸಿಗದಿರುವುದು. ಪೋಸ್ಟ್‌ಗ್ರೆಸ್ ಪೂರ್ವನಿಗದಿಯಂತೆ ತಾನಿರುವ ಯಂತ್ರದಿಂದ ಮಾತ್ರ ಸಂಪರ್ಕ ಸ್ವೀಕರಿಸುತ್ತದೆ. ಆಲಿಸುವ ವಿಳಾಸ, ಅನುಮತಿ ಪಟ್ಟಿ ಹಾಗೂ ಫೈರ್‌ವಾಲ್ ಇವುಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸತಕ್ಕದ್ದು. ತೊಂದರೆ ತಪ್ಪಿಸಲು ಗುಪ್ತಪದವಿಲ್ಲದೆ ಎಲ್ಲರಿಗೂ ಪ್ರವೇಶ ನೀಡಕೂಡದು.

6.3 ಗುಪ್ತಪದ ಸರಿಯಿದ್ದರೂ ಪ್ರವೇಶ ಸಿಗದಿರುವುದು. ಮೈಎಸ್‌ಕ್ಯೂಎಲ್ 8.0 (2018) ಮತ್ತು ಪೋಸ್ಟ್‌ಗ್ರೆಸ್ 14 (2021) ಆವೃತ್ತಿಗಳಲ್ಲಿ ಗುಪ್ತಪದ ಪರಿಶೀಲನೆಯ ಪೂರ್ವನಿಗದಿತ ವಿಧಾನ ಬದಲಾಯಿತು. ಹಳೆಯ ಚಾಲಕ ತಂತ್ರಾಂಶಗಳಿಗೆ ಹೊಸ ವಿಧಾನ ತಿಳಿಯದು. ಚಾಲಕ ತಂತ್ರಾಂಶವನ್ನು ಪರಿಷ್ಕರಿಸುವುದು ಸೂಕ್ತ. ಸರ್ವರನ್ನು ಹಳೆಯ, ದುರ್ಬಲ ವಿಧಾನಕ್ಕೆ ಮರಳಿಸುವುದು ಸೂಕ್ತವಲ್ಲ.

6.4 ಆವೃತ್ತಿ ಬದಲಾವಣೆ. ಪೋಸ್ಟ್‌ಗ್ರೆಸ್‌ನ ಒಂದು ಪ್ರಮುಖ ಆವೃತ್ತಿಯ ಕಡತಗಳನ್ನು ಮತ್ತೊಂದು ನೇರವಾಗಿ ಓದಲಾರದು. ದತ್ತಾಂಶವನ್ನು ಹೊರತೆಗೆದು ಮತ್ತೆ ತುಂಬಬೇಕು ಅಥವಾ 'ಪಿಜಿ ಅಪ್‌ಗ್ರೇಡ್' ಸಾಧನವನ್ನು ಬಳಸಬೇಕು. ಪ್ರತಿ ಪ್ರಮುಖ ಆವೃತ್ತಿಗೆ 5 ವರ್ಷಗಳ ಬೆಂಬಲವಿರುತ್ತದೆ. ಮೈಎಸ್‌ಕ್ಯೂಎಲ್ 5.7ರ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿದಿದೆ.

6.5 ಡಿಸ್ಕ್ ಭರ್ತಿಯಾಗಿರುವುದು. 'ಲಾಗ್' ಎಂಬ ಹೆಸರು ಕಂಡು ಕಡತಗಳನ್ನು ಅಳಿಸಕೂಡದು. ಪೋಸ್ಟ್‌ಗ್ರೆಸ್‌ನ ವಹಿವಾಟು ಕಡತಗಳಿದ್ದ 'ಪಿಜಿ ಎಕ್ಸ್‌ಲಾಗ್' ಕೋಶವನ್ನು ಬೇಡದ ಲಾಗ್ ಎಂದು ತಿಳಿದು ಬಳಕೆದಾರರು ಅಳಿಸುತ್ತಿದ್ದುದರಿಂದ 2017ರ 10ನೇ ಆವೃತ್ತಿಯಲ್ಲಿ ಅದರ ಹೆಸರನ್ನೇ 'ಪಿಜಿ ವಾಲ್' ಎಂದು ಬದಲಾಯಿಸಲಾಯಿತು. ಮೈಎಸ್‌ಕ್ಯೂಎಲ್‌ನ ಬೈನರಿ ಲಾಗ್‌ಗಳನ್ನು ಅದರದೇ 'ಪರ್ಜ್' ಆದೇಶದಿಂದ ತೆಗೆಯತಕ್ಕದ್ದು.

7. ಪ್ರತಿ ಇರಿಸುವುದು ಮತ್ತು ಮರುಸ್ಥಾಪನೆ

ಸರ್ವರ್ ಚಾಲನೆಯಲ್ಲಿರುವಾಗ ಅದರ ಕಡತಗಳನ್ನು ನೇರವಾಗಿ ನಕಲು ಮಾಡಿದರೆ ಆ ಪ್ರತಿ ಉಪಯೋಗಕ್ಕೆ ಬಾರದಿರಬಹುದು. 'ಪಿಜಿ ಡಂಪ್' ಅಥವಾ 'ಮೈಎಸ್‌ಕ್ಯೂಎಲ್ ಡಂಪ್' ಸಾಧನಗಳನ್ನು ಬಳಸತಕ್ಕದ್ದು. ಪ್ರತಿಯನ್ನು ಬೇರೆ ಯಂತ್ರದಲ್ಲಿ ಇರಿಸತಕ್ಕದ್ದು. ನಿಗದಿತ ಅವಧಿಗೊಮ್ಮೆ ಆ ಪ್ರತಿಯನ್ನು ಪರೀಕ್ಷಾ ಯಂತ್ರದಲ್ಲಿ ಮರುಸ್ಥಾಪಿಸಿ, ಸಾಲುಗಳ ಸಂಖ್ಯೆ ಮತ್ತು ಮೊತ್ತಗಳನ್ನು ಮೂಲದೊಂದಿಗೆ ತಾಳೆ ನೋಡಿ, ಕನ್ನಡ ಹೆಸರುಗಳು ಸರಿಯಾಗಿ ಕಾಣುತ್ತಿವೆಯೇ ಎಂದು ಪರಿಶೀಲಿಸತಕ್ಕದ್ದು. ಒಮ್ಮೆಯೂ ಮರುಸ್ಥಾಪಿಸಿ ನೋಡದ ಪ್ರತಿಯನ್ನು ನಂಬಿ ಮೂಲದಲ್ಲಿ ತಿದ್ದುಪಡಿ ಕೈಗೊಳ್ಳಕೂಡದು.

8. 'ದಾಖಲೆ ಲಭ್ಯವಿಲ್ಲ' ಎಂದು ತಿಳಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(1) ಹೆಸರಿನ ಬದಲು ನೋಂದಣಿ ಸಂಖ್ಯೆ, ದಿನಾಂಕ ಅಥವಾ ತಂದೆಯ ಹೆಸರಿನಿಂದ ಹುಡುಕಲಾಗಿದೆಯೇ?

(2) ಹೆಸರಿನ ಮೊದಲ ಎರಡು ಅಕ್ಷರಗಳನ್ನು ಮಾತ್ರ ನೀಡಿ, ಬಂದ ಪಟ್ಟಿಯನ್ನು ಕಣ್ಣಿನಿಂದ ನೋಡಲಾಗಿದೆಯೇ?

(3) ಷರತ್ತುಗಳನ್ನು ಒಂದೊಂದಾಗಿ ತೆಗೆದು, ಯಾವ ಷರತ್ತಿನಿಂದ ದಾಖಲೆ ಬಿಟ್ಟುಹೋಗುತ್ತಿದೆ ಎಂದು ನೋಡಲಾಗಿದೆಯೇ?

(4) ಹಳೆಯ ಅಕ್ಷರಶೈಲಿಯ ಅವಧಿಯಲ್ಲಿ ದಾಖಲಾದ ಭಾಗವನ್ನು ಪ್ರತ್ಯೇಕವಾಗಿ ಹುಡುಕಲಾಗಿದೆಯೇ?

(5) ಸಂಬಂಧಿಸಿದ ವರ್ಷದ ಮೂಲ ವಹಿಯನ್ನು ನೋಡಲಾಗಿದೆಯೇ?

ಇವೆಲ್ಲವನ್ನೂ ಪರಿಶೀಲಿಸಿದ ಬಳಿಕವೂ ದಾಖಲೆ ದೊರೆಯದಿದ್ದಲ್ಲಿ ಯಾವ ವಿವರಗಳಿಂದ, ಯಾವ ಅವಧಿಯ ದಾಖಲೆಗಳಲ್ಲಿ ಹುಡುಕಲಾಯಿತು ಎಂಬುದನ್ನು ಹಿಂಬರಹದಲ್ಲಿ ನಮೂದಿಸುವುದು ಸೂಕ್ತ. ಸಾರ್ವಜನಿಕರು ಸಹ ತಮ್ಮ ಬಳಿಯಿರುವ ಹಳೆಯ ರಸೀದಿ, ಸ್ವೀಕೃತಿ ಪತ್ರ ಮುಂತಾದವುಗಳ ಸಂಖ್ಯೆ ಹಾಗೂ ದಿನಾಂಕವನ್ನು ಅರ್ಜಿಯಲ್ಲಿ ಬರೆದಲ್ಲಿ, ಹೆಸರಿನಿಂದ ಸಿಗದ ದಾಖಲೆಯನ್ನು ಅವುಗಳ ಮೂಲಕ ಪತ್ತೆಹಚ್ಚಲು ಅನುಕೂಲವಾಗುತ್ತದೆ.